ಚೈನ್ ಜಿಮ್ಮೋ, ಓಣಿಯ ಜಿಮ್ಮೋ? ಫೀ ಕಟ್ಟೋ ಮೊದಲು ನಿಯಮ ನೋಡಿ

ಹುಬ್ಬಳ್ಳಿಯ ವಿದ್ಯಾನಗರ, ಗೋಕುಲ ರೋಡ್, ಧಾರವಾಡದ ಸಪ್ತಾಪುರ, ಎಲ್ಲೇ ಜಿಮ್ ಹುಡುಕಿದರೂ ಮೊದಲ ಪ್ರಶ್ನೆ ಫೀ ಎಷ್ಟು ಅಂತ. ಆದರೆ ಆಮೇಲೆ ಜಗಳ ಹತ್ತೋದು ನಿಯಮಗಳ ಮೇಲೆ.

ಹಲವು ಶಾಖೆಗಳಿರುವ, ಕಡಿಮೆ ದರದ ಚೈನ್ ಜಿಮ್‌ಗಳಲ್ಲಿ ನಿಯಮ ಸಾಮಾನ್ಯವಾಗಿ ಬರಹದಲ್ಲಿರುತ್ತದೆ: ಒಳಗೆ ಬೇರೆ ಶೂ, ಬೆಂಚಿನ ಮೇಲೆ ಟವೆಲ್, ಬೇರೆಯವರ ವಿಡಿಯೊ ತೆಗೆಯುವಂತಿಲ್ಲ. ಓಣಿಯ ಜಿಮ್‌ನಲ್ಲಿ ಮಾಲೀಕರ ಮಾತೇ ನಿಯಮ. ಅವರು ಮುಂದೆ ನಿಂತಿದ್ದರೆ ಎಲ್ಲ ಸರಿ, ಇಲ್ಲದಿದ್ದರೆ ಡಂಬೆಲ್ ಎಲ್ಲೆಂದರಲ್ಲಿ.

ಬಾರ್‌ಗೆ ಹಾಕಿದ ಪ್ಲೇಟ್ (ಭಾರದ ಬಿಲ್ಲೆ) ತೆಗೆದಿಡುವ ನಿಯಮ ಎರಡೂ ಕಡೆ ಇರಲೇಬೇಕು. 20 ಕೆಜಿ ಬಾರ್ ಸ್ಟ್ಯಾಂಡ್ ಮೇಲಿದ್ದಾಗ ಒಂದೇ ಬದಿಯ ಪ್ಲೇಟುಗಳನ್ನೆಲ್ಲ ಕಳಚಿದರೆ, ಇನ್ನೊಂದು ಬದಿಯ ಭಾರಕ್ಕೆ ಬಾರ್ ಎಗರಿ ಪಕ್ಕದವರಿಗೆ ಬಡಿಯಬಹುದು. ಆ ಕಡೆ ಒಂದು, ಈ ಕಡೆ ಒಂದು ತೆಗೆಯಬೇಕು. ಟ್ರಯಲ್ ದಿನ ಸಂಜೆ 7ಕ್ಕೆ ಹೋಗಿ ಇದನ್ನೇ ಗಮನಿಸಿ. ಬೆಳಿಗ್ಗೆ 11ಕ್ಕೆ ಎಲ್ಲ ಜಿಮ್ಮೂ ಚಂದ!

ಅಂಗಡಿಗಳ ಮೇಲಿನ ಮಹಡಿಯಲ್ಲಿದ್ದರೆ ಭಾರ ಎತ್ತಿ ಬಿಸಾಕೋ ಹಾಗಿಲ್ಲ. ಡೆಡ್‌ಲಿಫ್ಟ್ (ನೆಲದಿಂದ ಬಾರ್ ಎತ್ತುವ ವ್ಯಾಯಾಮ) ಮಾಡುವವರು ದಪ್ಪ ರಬ್ಬರ್ ಮ್ಯಾಟ್ ಇದೆಯೇ ನೋಡಲಿ.

ಚೈನ್‌ನವರಲ್ಲಿ ಫ್ರೀಜ್ (ಸದಸ್ಯತ್ವ ತಾತ್ಕಾಲಿಕವಾಗಿ ನಿಲ್ಲಿಸೋದು) ಎಷ್ಟು ದಿನ, ಹುಬ್ಬಳ್ಳಿ ಕಾರ್ಡ್ ಧಾರವಾಡದಲ್ಲಿ ನಡೆಯುತ್ತದೆಯೇ ಅಂತ ಲಿಖಿತವಾಗಿ ಕೇಳಿ. ಯುಪಿಐ ಆಟೊಪೇ ಇದ್ದರೆ ಜಿಮ್ ಬಿಟ್ಟ ದಿನವೇ ಆ್ಯಪ್‌ನಲ್ಲಿ ರದ್ದು ಮಾಡಿ. ಜಿಮ್ ಸೇವೆಯ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ರ ಬದಲು ಶೇ 5, ಬಿಲ್ಲಿನಲ್ಲಿ ನೋಡಿಕೊಳ್ಳಿ.

ಹೊಸಬರಿಗೆ, ಮಾಲೀಕರೇ ನಿಂತು ಕಲಿಸುವ ಓಣಿಯ ಜಿಮ್ ಉತ್ತಮ. ದಿನಾ ಅವಳಿನಗರ ಓಡಾಡುವವರಿಗೆ ಚೈನ್, ಅದೂ ಎರಡೂ ಊರಲ್ಲಿ ಶಾಖೆ ಇದ್ದರೆ ಮಾತ್ರ.