ಹಬೆಗೆ ಕೊಡಬಹುದು, ಗ್ಯಾಸಿನ ಪಕ್ಕ ಇಡಬಾರದು: ಕಾಳುಮೆಣಸು ಜಾಬ್‌ವರ್ಕ್ ಘಟಕವೊಂದರ ವಿಮರ್ಶೆ

ಶಿರಸಿ, ಸಿದ್ದಾಪುರದ ತೋಟಗಳ ಮೆಣಸನ್ನು ಕೂಲಿಗೆ (ಅದೇ ಜಾಬ್‌ವರ್ಕ್) ರಫ್ತಿಗೆ ಸಿದ್ಧಮಾಡಿಕೊಡುವ ಘಟಕವಿದು, ಹೆಸರು ಬೇಡ. ರೋಗಾಣು ಕೊಲ್ಲುವ ಎರಡು ದಾರಿ, ಹಬೆ ಮತ್ತು ಇಟಿಒ (ಎಥಿಲೀನ್ ಆಕ್ಸೈಡ್) ಗ್ಯಾಸ್, ಎರಡೂ ಒಂದೇ ಸೂರಿನಡಿ ಇವೆ. ಅನುಕೂಲವೂ ಅದೇ, ಅಪಾಯವೂ ಅದೇ.

ಅಮೆರಿಕದ ಗಿರಾಕಿಗೆ ಸಾಲ್ಮೊನೆಲ್ಲಾ (ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ) ಇರಕೂಡದು, ಅಷ್ಟೇ. ಗ್ಯಾಸಿಗೆ ಅಲ್ಲಿ ತಕರಾರಿಲ್ಲ: ಇಟಿಒ ಶೇಷ 7 ಪಿಪಿಎಂ (ಹತ್ತು ಲಕ್ಷದಲ್ಲಿ ಏಳು ಪಾಲು), ಅದರಿಂದ ಹುಟ್ಟುವ 2-ಕ್ಲೋರೋಎಥನಾಲ್ 940 ಪಿಪಿಎಂವರೆಗೆ ನಡೆಯುತ್ತದೆ. ಯುರೋಪಿಗೆ ಎರಡೂ ಸೇರಿ 0.1 ಪಿಪಿಎಂ ಮಾತ್ರ. ಗಾಳಿಗೆ ಬಿಟ್ಟರೆ ಇಟಿಒ ಹಾರಿಹೋಗುತ್ತದೆ, ಕ್ಲೋರೋಎಥನಾಲ್ ಕಾಳಲ್ಲೇ ಕೂತಿರುತ್ತದೆ. ಅಮೆರಿಕದ ಆರ್ಡರ್ ಕೈತಪ್ಪಿತೆಂದು ಗ್ಯಾಸ್ ಕೊಟ್ಟ ಅದೇ ಲಾಟನ್ನು (ಸರಕಿನ ಕಂತನ್ನು) ಜರ್ಮನಿಗೆ ತಿರುಗಿಸುವ ಹಾಗಿಲ್ಲ. ಇಬ್ಬರ ಜೊತೆಗೂ ಮಾತು ನಡೆದಿದ್ದರೆ ಹಬೆಯನ್ನೇ ಬರೆಸಿ. ಎರಡೂ ಕಡೆ ಸಲ್ಲುತ್ತದೆ.

ಹಬೆಯ ಕೆಲಸ ಇಲ್ಲಿ ಚೆನ್ನಾಗಿದೆ. ಆದರೆ ತೇವಾಂಶ 11%ಕ್ಕಿಂತ ಹೆಚ್ಚಿರುವ ಮೆಣಸು ಕೊಟ್ಟರೆ ಹಬೆ ಕುಡಿದು ಇನ್ನೂ ಮೆತ್ತಗಾಗುತ್ತದೆ. ಡ್ರೈಯರ್‌ನಲ್ಲಿ ಸರಿಯಾಗಿ ಆರದಿದ್ದರೆ ಕಂಟೇನರಿನಲ್ಲೇ ಬೂಸಲು, ಆಮೇಲೆ ಅಫ್ಲಾಟಾಕ್ಸಿನ್ (ಬೂಸಲಿನ ವಿಷ) ತಲೆನೋವು. ಜೊಳ್ಳು, ಕಡ್ಡಿ ಮೊದಲೇ ತೆಗೆಸಿ. ಘಾಟಿನ ಎಣ್ಣೆ ಸ್ವಲ್ಪ ಇಳಿಯುವುದು ಖಂಡಿತ. ಗಿರಾಕಿಗೆ ತೋರಿಸುವ ಸ್ಯಾಂಪಲ್ ಹಬೆಯಾದ ಮೇಲಿನದ್ದೇ ಇರಲಿ, ಅಂಗಳದಲ್ಲಿ ಒಣಗಿದ್ದಲ್ಲ.

ಕೊರತೆ ಇರುವುದು ಗೋದಾಮಿನಲ್ಲಿ. ಗ್ಯಾಸ್ ಲಾಟು ಮತ್ತು ಹಬೆ ಲಾಟು ಅಕ್ಕಪಕ್ಕ, ಅವೇ ಪ್ಯಾಲೆಟ್, ಕೆಲವೊಮ್ಮೆ ಮರುಬಳಕೆಯ ಚೀಲ. 0.1ರ ಲೆಕ್ಕದಲ್ಲಿ ಇದು ಸಣ್ಣ ಮಾತಲ್ಲ. ಹೊಸ ಚೀಲ, ಬೇರೆ ಕೋಣೆ ಎಂದು ಕೆಲಸದ ಆದೇಶದಲ್ಲೇ ಬರೆಸಿಕೊಳ್ಳಬೇಕು. ಬಾಯಿಮಾತು ಸಾಲದು.

ಘಟಕ ಕೊಡಿಸುವ ಲ್ಯಾಬ್ ವರದಿಯನ್ನೂ ಕಣ್ಣುಮುಚ್ಚಿ ತಗೊಳ್ಳಬೇಡಿ. ಯುರೋಪಿನ ಲೆಕ್ಕದಲ್ಲಿ ಕ್ಲೋರೋಎಥನಾಲನ್ನು 0.55ರಿಂದ ಗುಣಿಸಿ ಇಟಿಒಗೆ ಕೂಡಿಸುತ್ತಾರೆ. ವರದಿಯಲ್ಲಿ ಇಟಿಒ ಮಾತ್ರ ಇದ್ದರೆ ವಾಪಸ್ ಕಳಿಸಿ. ಸ್ಯಾಂಪಲ್ ಪ್ಯಾಕಿಂಗ್ ಆದ ಚೀಲಗಳಿಂದ ತೆಗೆದದ್ದಾಗಿರಲಿ. ಸಿಂಗಪುರ, ಹಾಂಗ್‌ಕಾಂಗ್ ಗಿರಾಕಿಗಳೂ ಈಗ ಇಟಿಒ ವರದಿ ಕೇಳುತ್ತಾರೆ. 2024ರ ಏಪ್ರಿಲ್‌ನಲ್ಲಿ ಭಾರತದ ಕೆಲವು ಮಸಾಲೆ ಪುಡಿಗಳಿಗೆ ಅಲ್ಲಿ ತಡೆ ಬಿದ್ದದ್ದು ಇಟಿಒ ಕಾರಣಕ್ಕೇ.

ದರ ಒಳಹೋದ ತೂಕಕ್ಕೆ ಹಾಕುತ್ತಾರೆ, ಹೊರಬಂದದ್ದಕ್ಕಲ್ಲ. ಕ್ಲೀನಿಂಗ್ ಮತ್ತು ಒಣಗಿಸುವಿಕೆಯ ತೂಕನಷ್ಟ ನಿಮ್ಮ ತಲೆಗೇ. ಗಿರಾಕಿಗೆ ಬೆಲೆ ಹೇಳುವ ಮುಂಚೆ ಇದನ್ನು ಕಳೆಯಿರಿ. ಹಬೆಗೆ ಐದಕ್ಕೆ ನಾಲ್ಕು ಅಂಕ, ಗೋದಾಮಿಗೆ ಎರಡು.