ಅಂಗಡಿಗೆ ಯಾವ ಎಲ್‌ಇಡಿ ಬಲ್ಬ್: ಅಗ್ಗದ ಡಿಒಬಿಯಾ, ಡ್ರೈವರ್ ಇರೋದಾ?

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಡ್ರೈವರ್ ಇರುವ ಬಲ್ಬೇ. ಡ್ರೈವರ್ ಅಂದರೆ ಲೈನಿನ ಕರೆಂಟನ್ನು ಎಲ್‌ಇಡಿಗೆ ಬೇಕಾದ ಹಾಗೆ ಬದಲಿಸಿ ಕೊಡುವ ಸರ್ಕ್ಯೂಟ್, ಈ ಬಲ್ಬಿನಲ್ಲಿ ಅದು ಬೇರೆಯಾಗಿಯೇ ಇರುತ್ತದೆ. ಡಿಒಬಿ (ಡ್ರೈವರ್ ಆನ್ ಬೋರ್ಡ್) ಬಲ್ಬಿನಲ್ಲಿ ಅದು ಎಲ್‌ಇಡಿಗಳಿರುವ ತಟ್ಟೆಯ ಮೇಲೆಯೇ ಇರುತ್ತದೆ. ಕಲಬುರಗಿಯಲ್ಲಿ ನನ್ನದು ಝೆರಾಕ್ಸ್ ಅಂಗಡಿ. ಮೇಲೆ ತಗಡಿನ ಶೀಟು, ದಿನಕ್ಕೆ 12 ಗಂಟೆ ಲೈಟ್ ಉರಿಯಲೇಬೇಕು. ಹೋದ ವರ್ಷ ಜನವರಿಯಲ್ಲಿ 65 ರೂಪಾಯಿಯ 9 ವ್ಯಾಟ್ ಡಿಒಬಿ ಬಲ್ಬ್ ನಾಲ್ಕು ತಂದೆ. ಡಬ್ಬಿ ಮೇಲೆ 25,000 ಗಂಟೆ ಅಂತ ಬರೆದಿತ್ತು. ಮೇ ಮುಗಿಯುವಷ್ಟರಲ್ಲಿ ಮೂರು ಹೋದವು. ಒಂದೂ 2,000 ಗಂಟೆ ಉರಿದಿಲ್ಲ.

ಒಂದನ್ನು ಬಿಚ್ಚಿ ನೋಡಿದೆ. ಬೆಳಕು ಕೊಡುವ ಪುಟ್ಟ ಎಲ್‌ಇಡಿ ಚಿಪ್‌ಗಳಲ್ಲಿ ಒಂದರ ಮೇಲೆ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆ. ಚಿಪ್‌ಗಳೆಲ್ಲ ಸರದ ಮಣಿಗಳ ಹಾಗೆ ಒಂದರ ಹಿಂದೆ ಒಂದು ಜೋಡಿಸಿರುತ್ತವೆ, ಒಂದು ಸುಟ್ಟರೆ ಎಲ್ಲವೂ ಆರುತ್ತವೆ. ಸುಟ್ಟದ್ದನ್ನು ಕಿತ್ತು ಎರಡೂ ತುದಿ ಸೋಲ್ಡರ್ ಮಾಡಿದೆ, ಹತ್ತಿತು. ಎರಡೇ ವಾರ, ಮತ್ತೆ ಆರಿತು. ಡಿಒಬಿಯಲ್ಲಿ ಕರೆಂಟ್ ಹತೋಟಿಯಲ್ಲಿಡುವ ಐಸಿ ಕೂಡ ಚಿಪ್‌ಗಳಿರುವ ತಟ್ಟೆಯ ಮೇಲೆಯೇ ಕೂತಿರುತ್ತದೆ, ಚಿಪ್‌ಗಳಿಗೆ ಬೇಡವಾಗಿ ಉಳಿದ ವೋಲ್ಟೇಜನ್ನೆಲ್ಲ ಅದು ಬಿಸಿಯಾಗಿಯೇ ಕಳೆಯಬೇಕು. ಒಂದು ಚಿಪ್ ಕಡಿಮೆಯಾದರೆ ಆ ಹೊರೆ ಇನ್ನೂ ಜಾಸ್ತಿ. ರಾತ್ರಿ ವೋಲ್ಟೇಜ್ ಏರಿದರೂ ಅಷ್ಟೇ.

ಜೊತೆಗೆ, ಧೂಳು ಕೂರಬಾರದು ಅಂತ ಈ ಮೂರನ್ನೂ ಗಾಜಿನ ಗೋಳದೊಳಗೆ ಹಾಕಿದ್ದೆ. ಮೇಲೆ ಕಾದ ಶೀಟು, ಸುತ್ತ ಗಾಜು, ಬಿಸಿ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ನಾಲ್ಕನೆಯದು ಬಾಗಿಲ ಹತ್ತಿರ ಬರೀ ಹೋಲ್ಡರ್‌ನಲ್ಲಿತ್ತು. ಅದು ಇವತ್ತಿಗೂ ಉರಿಯುತ್ತಿದೆ.

ಆಮೇಲೆ 130 ರೂಪಾಯಿಯ ಡ್ರೈವರ್ ಬಲ್ಬ್ ಮೂರು ತಂದೆ. ಬೆಳಕಲ್ಲಿ ಕಣ್ಣಿಗೆ ವ್ಯತ್ಯಾಸವಿಲ್ಲ. ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುತ್ತದೆ, ಒಳಗೆ ಅಲ್ಯೂಮಿನಿಯಂ ಇದೆ. ವೋಲ್ಟೇಜ್ ಏರಿಳಿದರೂ ತಡೆದುಕೊಳ್ಳುತ್ತದೆ. ಇದರ ದುರ್ಬಲ ಜಾಗ ಕೆಪಾಸಿಟರ್, ಅಂದರೆ ಡ್ರೈವರ್ ಒಳಗೆ ಕರೆಂಟಿನ ಏರಿಳಿತ ಸಮ ಮಾಡುವ ಪುಟ್ಟ ಭಾಗ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವ ಕೆಪಾಸಿಟರ್, 10 ಡಿಗ್ರಿ ತಣ್ಣಗಾದಂತೆಲ್ಲ ಹೆಚ್ಚುಕಡಿಮೆ ದುಪ್ಪಟ್ಟು ಬಾಳುತ್ತದೆ, 75 ಡಿಗ್ರಿಗೆ ಇಳಿದರೆ ಸುಮಾರು 16,000 ಗಂಟೆ. ಅದಕ್ಕೇ ಗೋಳ ತೆಗೆದು, ಬಲ್ಬುಗಳನ್ನು ಶೀಟಿನಿಂದ ಒಂದು ಅಡಿ ಕೆಳಗೆ ಇಳಿಬಿಟ್ಟೆ. ಈ ಬೇಸಿಗೆ ಪೂರ್ತಿ ಉರಿದವು, ಒಂದೂ ಮಿನುಗಿಲ್ಲ. ಧೂಳು ಕೂರುತ್ತದೆ, ಭಾನುವಾರ ಒರೆಸುತ್ತೇನೆ.

ಮನೆಯಲ್ಲಿ ಬಚ್ಚಲಿಗೆ, ದೇವರ ಮನೆಗೆ ಡಿಒಬಿಯನ್ನೇ ಹಾಕಿದ್ದೇನೆ. ಹತ್ತು ನಿಮಿಷಕ್ಕೆ ಆರಿಸಿಬಿಡುತ್ತೇವೆ ಅಲ್ವಾ, ಅಲ್ಲಿಗೆ ಸುಮ್ನೆ 130 ಯಾಕೆ? ಅಂಗಡಿಯ ಆ ನಾಲ್ಕನೆಯದು ಹೋದ ದಿನ ಮಾತ್ರ ಡ್ರೈವರ್ ಇರುವುದನ್ನೇ ತರುತ್ತೇನೆ.