ಗಾಳಿಯ ಕಾಲೋ, ಮೋಟಾರಿನ ಕಾಲೋ: ನನ್ನ ಹಾಕ್ ಜೆಟ್ಟಿನಲ್ಲಿ ಎರಡನ್ನೂ ಹಾಕಿ ನೋಡಿದೆ

ಬೀದರಿನಲ್ಲಿ ಬೆಳೆದವರಿಗೆ ಹಾಕ್ ವಿಮಾನದ ಪರಿಚಯ ಮಾಡಿಕೊಡಬೇಕಿಲ್ಲ. ವಾಯುಪಡೆಯ ವೈಮಾನಿಕ ಕಸರತ್ತಿನ ತಂಡವಾದ ಸೂರ್ಯಕಿರಣದ ಕೆಂಪು-ಬಿಳಿ ಹಾಕ್‌ಗಳ ನೆಲೆಯೇ ಅಲ್ಲಿದೆ. ಹಾಗಾಗಿ ರಿಮೋಟಿನಲ್ಲಿ ಹಾರಿಸುವ, ಪುಟ್ಟ ಜೆಟ್ ಎಂಜಿನ್ (ಟರ್ಬೈನ್) ಇರುವ ನನ್ನ ಮೊದಲ ಮಾಡೆಲ್ಲಿಗೂ ಅದನ್ನೇ ಆರಿಸಿಕೊಂಡೆ: 1:5 ಅಳತೆ, ಸುಮಾರು ಎರಡು ಮೀಟರ್ ರೆಕ್ಕೆ, 120 ನ್ಯೂಟನ್ ಎಂಜಿನ್. ನೋಡಲು ಬಂದವರೆಲ್ಲ ಎಂಜಿನ್ ಬಗ್ಗೆಯೇ ಕೇಳುತ್ತಾರೆ. ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಹಾರುವಾಗ ಒಳಕ್ಕೆ ಮಡಚಿಕೊಳ್ಳುವ ಚಕ್ರದ ಕಾಲುಗಳು, ಅಂದರೆ ರಿಟ್ರ್ಯಾಕ್ಟ್.

ಮೊದಲು ಹಾಕಿದ್ದು ಗಾಳಿಯ ಒತ್ತಡದಿಂದ ಏರಿಳಿಯುವ ಕಾಲುಗಳು. ಪುಟ್ಟ ಟ್ಯಾಂಕಿಗೆ 110 ಪಿಎಸ್‌ಐ (ಒತ್ತಡದ ಅಳತೆ) ಗಾಳಿ ತುಂಬಿಸಿ ಸ್ವಿಚ್ ಒತ್ತಿದರೆ ಕಾಲು ಟಕ್ಕೆಂದು ಲಾಕ್ ಆಗುತ್ತದೆ. ತೂಕವೂ ಕಡಿಮೆ. ತೊಂದರೆ ಇರುವುದು ಪೈಪಿನ ಜೋಡಣೆಗಳಲ್ಲಿ. ಪೈಪಿನ ತುದಿಯನ್ನು ಸ್ವಲ್ಪ ಓರೆಯಾಗಿ ಕತ್ತರಿಸಿದರೂ ಗಾಳಿ ಸೋರುತ್ತದೆ. ಒಂದು ಬೆಳಿಗ್ಗೆ ಚಹಾ ಕುಡಿದು ಬರುವಷ್ಟರಲ್ಲಿ ಗೇಜಿನ ಮುಳ್ಳು 70ಕ್ಕೆ ಇಳಿದಿತ್ತು. ಒಂದೊಂದು ಜಾಯಿಂಟಿಗೂ ಸೋಪಿನ ನೀರು ಹಚ್ಚುತ್ತಾ ಹೋದೆ. ಮೂಗಿನ ಕಾಲಿನ ಸಿಲಿಂಡರ್ ಹತ್ತಿರ ಸಾಸಿವೆ ಗಾತ್ರದ ಗುಳ್ಳೆಯೊಂದು ಎದ್ದು ಒಡೆಯುತ್ತಿತ್ತು. ಸೋರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್ ಬದಲಿಸಿದೆ. ಎರಡು ವಾರಕ್ಕೆ ಇನ್ನೊಂದು ಕಡೆ ಸೋರಿತು, ಈ ಸಲ ಹಾರಾಟದ ನಡುವೆ. ನನ್ನ ಸೆಟ್ಟಿನಲ್ಲಿ ಕಾಲು ಇಳಿಸುವುದಕ್ಕೂ ಗಾಳಿಯೇ ಬೇಕು. ಬಲಗಾಲು ಇಳಿಯಲೇ ಇಲ್ಲ. ರೆಕ್ಕೆಯ ತುದಿ ನೆಲಕ್ಕೆ ಉಜ್ಜಿ ಫ್ಲ್ಯಾಪಿನ (ರೆಕ್ಕೆಯ ಹಿಂಬದಿಯ ಮಡಚುವ ಹಲಗೆ) ಕೀಲು ಕಿತ್ತುಬಂತು. ಎಂಜಿನ್ನಿಗೆ ಏನೂ ಆಗಲಿಲ್ಲ, ಅದೇ ಸಮಾಧಾನ.

ಆಮೇಲೆ ಮೋಟಾರಿನವು. ಮೋಟಾರ್ ಒಂದು ಸ್ಕ್ರೂ ತಿರುಗಿಸಿ ಕಾಲನ್ನು ನಿಧಾನಕ್ಕೆ ಇಳಿಸುತ್ತದೆ. ದೊಡ್ಡ ವಿಮಾನದ ಕಾಲು ಇಳಿಯುವ ಗತ್ತು ಇದರಲ್ಲಿದೆ. ಗಾಳಿಯದಕ್ಕೆ ಸೂಜಿ ವಾಲ್ವ್ ಹಾಕಿ ವೇಗ ತಗ್ಗಿಸಿ ನೋಡಿದ್ದೆ, ಈ ಚಂದ ಬರಲಿಲ್ಲ. ಸೋರುವ ಮಾತೇ ಇಲ್ಲ, ಪೈಪಿನ ಬದಲು ವೈರ್ ಅಷ್ಟೇ. ಆದರೆ ಬೇರೆ ಬ್ಯಾಟರಿ ಬೇಕು, ತೂಕವೂ ಹೆಚ್ಚು. ಇದರ ನಿಜವಾದ ಕೊರತೆ ಗೊತ್ತಾಗಿದ್ದು ಒಂದು ಜೋರು ಲ್ಯಾಂಡಿಂಗ್ ಆದಮೇಲೆ. ಕಾಲಿನ ಪಿನ್ ಕೂದಲೆಳೆಯಷ್ಟು ಬಗ್ಗಿತ್ತು. ಬಿಗಿ ಹೆಚ್ಚಾಗಿ ಮೋಟಾರ್ ಹೆಚ್ಚು ಕರೆಂಟ್ ಎಳೆದ ಕೂಡಲೇ ಕಂಟ್ರೋಲರ್ ಅದನ್ನು ಅರ್ಧದಲ್ಲೇ ನಿಲ್ಲಿಸಿಬಿಟ್ಟಿತು. ಗಾಳಿಯಾಗಿದ್ದರೆ ಒತ್ತಿ ಒತ್ತಿ ಲಾಕ್ ಮಾಡುತ್ತಿತ್ತು. ಪುಣ್ಯಕ್ಕೆ ಇದು ಸ್ಟ್ಯಾಂಡಿನ ಮೇಲೆ ಪರೀಕ್ಷಿಸುವಾಗಲೇ ಸಿಕ್ಕಿತು. ಈಗ ಹಾರಿಸುವ ಮೊದಲು ಮೂರು ಸಲ ಏರಿಸಿ ಇಳಿಸಿ, ಮೋಟಾರಿನ ಸದ್ದಿಗೆ ಕಿವಿಗೊಡುತ್ತೇನೆ. ಎಳೆದಂತೆ ಕೇಳಿಸಿದರೆ ಅವತ್ತು ಹಾರಾಟವಿಲ್ಲ.

ಎಂಜಿನ್ ಸ್ಟಾರ್ಟಿನ ವಿಷಯ ಚಿಕ್ಕದು. ಗ್ಯಾಸಿನಲ್ಲಿ ಹೊತ್ತಿಸುವುದನ್ನೂ ನೇರ ಸೀಮೆಎಣ್ಣೆಯಲ್ಲೇ ಹೊತ್ತಿಸುವುದನ್ನೂ ನೋಡಿದ್ದೇನೆ. ಸೀಮೆಎಣ್ಣೆಯದಕ್ಕೆ ಬ್ಯಾಟರಿ ಚೆನ್ನಾಗಿ ಚಾರ್ಜ್ ಆಗಿರಬೇಕು, ಆದರೆ ಮೈದಾನಕ್ಕೆ ಗ್ಯಾಸ್ ಡಬ್ಬಿ ಹೊರುವುದು ತಪ್ಪುತ್ತದೆ. ನನಗೆ ಅದೇ ಸರಿ. ಬೆಂಕಿ ಆರಿಸಲು ಪುಡಿಯದಲ್ಲ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರೇ ಪಕ್ಕದಲ್ಲಿರಲಿ. ಪುಡಿ ಒಳಗೆ ಹೋದರೆ ಟರ್ಬೈನ್ ಹಾಳಾಗುತ್ತದೆ.

ಟಾರ್ ರನ್‌ವೇ ಮೇಲೆ ಹಾರುವ ಹಾಕ್‌ಗೆ ಮೋಟಾರಿನ ಕಾಲೇ ಇರಲಿ ಅಂತ ತೀರ್ಮಾನಿಸಿದ್ದೇನೆ. ಹಳೆಯ ಗಾಳಿಯ ಸೆಟ್ ಮಾರಿಲ್ಲ. ಗಾಳಿ ಹೋದರೂ ಸ್ಪ್ರಿಂಗಿನಿಂದ ಕಾಲು ತಾನೇ ಇಳಿಯುವಂಥ ಸಿಲಿಂಡರ್ ತರಿಸಿ, ಹುಲ್ಲಿನ ಮೈದಾನದಲ್ಲಿ ಹಾರಿಸುವ ಇನ್ನೊಂದು ಜೆಟ್ಟಿಗೆ ಜೋಡಿಸುತ್ತಿದ್ದೇನೆ.